ಟ್ಯೂಬ್ ಬಿಡದ ಬಾತುಕೋಳಿ

ಗಾರ್‌ಫೀಲ್ಡ್ ಅನ್ನೋ ಸೋಮಾರಿ ಬೆಕ್ಕು ಎಲ್ಲರಿಗೂ ಗೊತ್ತು. ಅದನ್ನು ಸೃಷ್ಟಿಸಿದ ಜಿಮ್ ಡೇವಿಸ್ 1986ರಲ್ಲಿ ಇನ್ನೊಂದು ಕಾಮಿಕ್ ಸ್ಟ್ರಿಪ್ ಶುರು ಮಾಡಿದ್ದರು. 'ಯು.ಎಸ್. ಏಕರ್ಸ್' ಅಂತ. ಆ ಹೆಸರು ಬೇರೆ ದೇಶದವರಿಗೆ ಏನು ಅರ್ಥ ಆಗಬೇಕು? ಅಮೆರಿಕದ ಹೊರಗೆ ಅದು 'ಆರ್ಸನ್ಸ್ ಫಾರ್ಮ್' ಆಯಿತು.

ಆರ್ಸನ್ ಅಂದರೆ ಒಂದು ಹಂದಿ. ಜೊತೆಗೆ ಜಂಬದ ಹುಂಜ ರಾಯ್, ಕುರಿಗಳಾದ ಬೋ ಮತ್ತು ಲ್ಯಾನೊಲಿನ್, ಚಿಪ್ಪಿಂದ ಆಚೆ ಬರೋಕೆ ಒಪ್ಪದೆ ಬರೀ ಕಾಲು ಹೊರಗೆ ಹಾಕಿ ಓಡಾಡುವ ಮೊಟ್ಟೆ ಶೆಲ್ಡನ್. ಡೇವಿಸ್ ಬೆಳೆದದ್ದೇ ಇಂಡಿಯಾನಾದ ತೋಟದ ಮನೆಯಲ್ಲಿ. ಆಸ್ತಮಾ ಇದ್ದದ್ದರಿಂದ ಹಾಸಿಗೆಯಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದ ಹುಡುಗ. ಅಂಥವರು ಕೊಟ್ಟಿಗೆ ಕತೆ ಬರೆದರೆ ಚೆನ್ನಾಗಿರಬೇಕಲ್ವಾ? 500ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಶುರುವಾದದ್ದು 1989ರಲ್ಲೇ ನಿಂತುಹೋಯಿತು. ಗಾರ್‌ಫೀಲ್ಡ್ ಅನ್ನೋ ಆಲದ ಮರದ ಕೆಳಗೆ ಹುಲ್ಲು ಎಲ್ಲಿ ಬೆಳೆಯುತ್ತೆ!

ನನ್ನ ಪ್ರಕಾರ ಆ ಪ್ರಾಣಿಗಳಿಗೆ ನಿಜವಾಗಿ ಜೀವ ಬಂದದ್ದು ಟಿವಿಯಲ್ಲಿ. 1988ರಿಂದ 1994ರವರೆಗೆ ಬಂದ 'ಗಾರ್‌ಫೀಲ್ಡ್ ಆ್ಯಂಡ್ ಫ್ರೆಂಡ್ಸ್'ನಲ್ಲಿ ಎರಡು ಬೆಕ್ಕಿನ ಕತೆಗಳ ಮಧ್ಯೆ ಒಂದು ಈ ಕೊಟ್ಟಿಗೆ ಕತೆ. ಸುಮ್ನೆ ಇಂಟರ್ವಲ್ ಅಂತ ಎದ್ದು ಹೋಗಬೇಡಿ, ವೇಡ್ ಬರೋದು ಅಲ್ಲೇ.

ವೇಡ್ ಬಾತುಕೋಳಿ. ಮೀನಿನ ಮರಿಗೆ ಈಜು ಕಲಿಸಬೇಕಾ ಅಂತೀವಿ. ಇವನಿಗೆ ನೀರು ಕಂಡರೇ ನಡುಕ. ಅದಕ್ಕೆ ಸೊಂಟಕ್ಕೆ ಸದಾ ಟ್ಯೂಬ್. ಒಣ ನೆಲದಲ್ಲಿ ನಿಂತಾಗಲೂ ಬಿಚ್ಚಲ್ಲ. ಆ ಟ್ಯೂಬಿನ ಮುಂದೆ ಇನ್ನೊಂದು ಬಾತುಕೋಳಿ ತಲೆ ಇದೆ. ಇವನು ಹೆದರಿದರೆ ಅದರ ಕಣ್ಣೂ ಅಗಲ, ಇವನು ಎಡಕ್ಕೆ ನೋಡಿದರೆ ಅದೂ ಎಡಕ್ಕೆ. ಪೇಪರಿನ ಪುಟ್ಟ ಚೌಕದಲ್ಲಿ ಇದನ್ನು ಹುಡುಕಿ ನೋಡಬೇಕು. ಕಾರ್ಟೂನ್‌ನಲ್ಲಿ ಎರಡೂ ತಲೆ ಒಟ್ಟಿಗೆ ಗಕ್ಕಂತ ತಿರುಗಿದಾಗ ನಗು ತಾನಾಗೇ ಬರುತ್ತೆ. ಮೇಲೆ ಹೊವಾರ್ಡ್ ಮಾರಿಸ್ ಅವರ ಅಳುಮುಂಜಿ ದನಿ ಬೇರೆ.

ಕಳೆದುಕೊಂಡದ್ದೂ ಇದೆ. ಸ್ಟ್ರಿಪ್ಪಿನಲ್ಲಿದ್ದ ನಾಯಿ ಕೋಡಿ, ಬೆಕ್ಕು ಬ್ಲೂ ಕಾರ್ಟೂನ್‌ನಲ್ಲಿ ಹೆಚ್ಚುಕಡಿಮೆ ಕಾಣೆ. ಆರ್ಸನ್ ಒಮ್ಮೊಮ್ಮೆ ಮೇಷ್ಟ್ರ ಥರ ಬುದ್ಧಿ ಹೇಳ್ತಾನೆ, ಅದು ನನಗೆ ಬೋರು.

ನಾನೂ ಊರ ಬಾವಿಯಲ್ಲಿ ಟ್ಯೂಬ್ ಕಟ್ಟಿಕೊಂಡೇ ಈಜು ಕಲಿತವನು. ಮೊನ್ನೆ ಮಗಳ ಜೊತೆ ವೇಡ್‌ನ ನೋಡುವಾಗ ಕೇಳಿದಳು: "ಅಪ್ಪಾ, ನಿನ್ನ ಟ್ಯೂಬಿಗೂ ತಲೆ ಇತ್ತಾ?"

ಇರಲಿಲ್ಲ ಕಂದಾ. ಲಾರಿ ಟ್ಯೂಬ್ ಅದು, ಎರಡು ಪಂಕ್ಚರ್ ಪಟ್ಟಿ ಇತ್ತು ಅಷ್ಟೆ.