ಅಗ್ರಿಮೆಂಟ್ ಮುಗಿದರೂ ಬಾಡಿಗೆ ನಿಲ್ಲದು

ಬೆಂಗಳೂರಿನಲ್ಲಿ ಸಿಂಗಲ್ ಬೆಡ್‌ರೂಮ್ ಮನೆ ಹಿಡಿಯಬೇಕಾದರೂ ಸ್ಟಾಂಪ್ ಪೇಪರ್ ಬೇಕು, ಇಬ್ಬರು ಸಾಕ್ಷಿ ಬೇಕು, ಫ್ಯಾನ್ ಎಷ್ಟು ಟ್ಯೂಬ್‌ಲೈಟ್ ಎಷ್ಟು ಎಂಬ ಪಟ್ಟಿ ಬೇಕು, ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತಂತೂ ಬೇಕೇ ಬೇಕು. ಅವಧಿ ಹನ್ನೊಂದೇ ತಿಂಗಳು. ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಲ್ಲ! ಆದರೆ ಪ್ರಾಣ, ಆಸ್ತಿ, ಕಸದ ಬುಟ್ಟಿ ಸಮೇತ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿದ ‘ಸಾಮಾಜಿಕ ಒಪ್ಪಂದ’ಕ್ಕೆ, ಅಂದರೆ ರಕ್ಷಣೆಗೆಂದು ಜನರೇ ಒಪ್ಪಿ ಸರ್ಕಾರ ಕಟ್ಟಿಕೊಂಡರು ಎಂದು ತತ್ವಜ್ಞಾನಿಗಳು ಹೇಳುವ ಕರಾರಿಗೆ, ಒಂದು ಚೀಟಿಯೂ ಇಲ್ಲ.

ಅದರ ಕರಡನ್ನು ಯಾವ ಪತ್ರ ಬರಹಗಾರರ ಮುಂದಿಟ್ಟರೂ ಕನ್ನಡಕ ತೆಗೆದಿಟ್ಟಾರು. 1651ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ ಬರೆದ ಕರಡಿನಲ್ಲಿ ಪ್ರಜೆಗಳು ತಮ್ಮತಮ್ಮಲ್ಲೇ ಕರಾರು ಮಾಡಿಕೊಳ್ಳುತ್ತಾರೆ, ದೊರೆ ಪಾರ್ಟಿಯೇ ಅಲ್ಲ. ಹಾಗಾಗಿ ಷರತ್ತು ಮುರಿದನೆಂದು ಅವನ ಮೇಲೆ ದಾವೆ ಹೂಡುವಂತಿಲ್ಲ. (ಮನೆ ಓನರುಗಳ ಕಿವಿಗೆ ಇದು ಬೀಳದಿರಲಿ.) ಅವನ ನಂತರದ ತತ್ವಜ್ಞಾನಿ ಜಾನ್ ಲಾಕ್ ಸಹಿಯ ರಗಳೆಯನ್ನೇ ತೆಗೆದುಹಾಕಿದ: ಹೆದ್ದಾರಿಯಲ್ಲಿ ಸುಮ್ಮನೆ ಓಡಾಡಿದರೂ ಒಪ್ಪಿದ ಹಾಗೆಯೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಓಡಾಟವೂ ಇಲ್ಲದೆ ನಿಂತವರ ಕಥೆ ಏನೋ. 1748ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತಕರಾರು ಎತ್ತಿದ: ನಿದ್ದೆಯಲ್ಲಿದ್ದವನನ್ನು ಹಡಗಿಗೆ ಹೊತ್ತು ತಂದು, ಬೇಡವಾದರೆ ಸಮುದ್ರಕ್ಕೆ ಹಾರು ಎನ್ನುವುದೂ ಒಪ್ಪಿಗೆಯೇ? ನೋಟಿಸ್ ಪೀರಿಯಡ್ ಬಗ್ಗೆ ಇಷ್ಟು ಕರಾರುವಾಕ್ಕಾಗಿ ಇನ್ಯಾರೂ ಬರೆದಂತಿಲ್ಲ.

ನಮ್ಮ ಕೌಟಿಲ್ಯ ವಾಸಿ, ದರಪಟ್ಟಿಯನ್ನಾದರೂ ಕೊಟ್ಟ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯದಿಂದ ಬೇಸತ್ತ ಜನ ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಧಾನ್ಯದಲ್ಲಿ ಆರನೇ ಒಂದು ಪಾಲು, ಸರಕಿನಲ್ಲಿ ಹತ್ತನೇ ಒಂದು ಪಾಲು ಗೊತ್ತುಮಾಡಿದರಂತೆ. ಅರ್ಥಶಾಸ್ತ್ರದಲ್ಲಿ ಈ ಕಥೆ ಹೇಳುವವರು ಯಾರು ಗೊತ್ತೆ? ಗೂಢಚಾರರು. ತೀರ್ಥಕ್ಷೇತ್ರದಲ್ಲೋ ಸಭೆಯಲ್ಲೋ ಜನ ಸೇರಿದ ಕಡೆ ಇಬ್ಬರು ಬೇಕೆಂದೇ ಜಗಳ ತೆಗೆಯಬೇಕು. ಒಬ್ಬ ರಾಜನನ್ನು ಬೈಯಬೇಕು, ಇನ್ನೊಬ್ಬ ಮನುವಿನ ಕಥೆ ಹೇಳಿ ಅವನ ಬಾಯಿ ಮುಚ್ಚಿಸಬೇಕು. ಐಟಿ ಸೆಲ್ ಇಂದು ನಿನ್ನೆಯದಲ್ಲ. ಕಾಡಿನಲ್ಲಿ ಉದುರಿದ ಕಾಳು ಆಯ್ದು ತಿನ್ನುವ ತಪಸ್ವಿಗಳೂ ಆರನೇ ಒಂದು ಪಾಲು ತಂದೊಪ್ಪಿಸುತ್ತಾರೆ ಎಂದೂ ಅವರು ಸೇರಿಸಬೇಕು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ತಪಸ್ವಿಗಳಿಗೆ ಶೇ 5 ರಿಯಾಯಿತಿ ಉಂಟೇ ಎಂಬುದನ್ನು ಮಾತ್ರ ಹೇಳಿಲ್ಲ.

ಬೆಂಗಳೂರಿಗರಿಗೆ ಆಸ್ತಿ ತೆರಿಗೆಯಲ್ಲಿ ಆ ರಿಯಾಯಿತಿ ಉಂಟು. ಇಲ್ಲದಿದ್ದದ್ದು ಕಾರ್ಪೊರೇಟರ್. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ, ಪಾಪ. 198 ವಾರ್ಡುಗಳನ್ನು 243 ಮಾಡಿದರು, ಮತ್ತೆ 225 ಮಾಡಿದರು, 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ಅಷ್ಟರಲ್ಲಿ ಐದು ವರ್ಷದ ಒಂದು ಪೂರ್ಣಾವಧಿ ಕಳೆದೇ ಹೋಯಿತು.

ಬೆಲ್ಜಿಯಂ 2010ರ ಚುನಾವಣೆಯ ನಂತರ ಹೊಸ ಸರ್ಕಾರವಿಲ್ಲದೆ 541 ದಿನ ತಳ್ಳಿದ್ದಕ್ಕೇ ಪ್ರಪಂಚವೆಲ್ಲ ಮೂಗಿನ ಮೇಲೆ ಬೆರಳಿಟ್ಟಿತ್ತು. 249ನೇ ದಿನ ಅಲ್ಲಿನ ಜನ ಬೀದಿಗಿಳಿದು ಆಲೂಗಡ್ಡೆ ಫ್ರೈಸ್ ಹಂಚಿ ಹಬ್ಬ ಮಾಡಿದ್ದರು. ಬೆಂಗಳೂರಿನಲ್ಲಿ ಐದು ವರ್ಷಕ್ಕೂ ಒಂದು ಪ್ಲೇಟ್ ಮೆಣಸಿನಕಾಯಿ ಬಜ್ಜಿ ಹಂಚಿದವರಿಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕ ಬಂತು.