ಶಿವಮೊಗ್ಗಕ್ಕೊಂದು ಸಮುದ್ರ

ಕ್ಷೇತ್ರ ಪುನರ್ವಿಂಗಡಣೆಯ, ಅಂದರೆ ಲೋಕಸಭೆ ವಿಧಾನಸಭೆ ಕ್ಷೇತ್ರಗಳ ಗೆರೆಯನ್ನು ಜನಗಣತಿ ನೋಡಿ ಮತ್ತೆ ಎಳೆಯುವ ಗಲಾಟೆ ಮತ್ತೆ ಎದ್ದಿದೆ. ಉತ್ತರಕ್ಕೆ ಎಷ್ಟು ಸೀಟು, ದಕ್ಷಿಣಕ್ಕೆ ಎಷ್ಟು ಎಂದು ಟಿವಿಯಲ್ಲಿ ಕೂತು ಎಣಿಸುತ್ತಿದ್ದಾರೆ. ಎಣಿಸಲಿ, ಅದೂ ಸಣ್ಣ ಪ್ರಶ್ನೆಯೇನಲ್ಲ. ಆದರೆ ಈಗಿರುವ ಗೆರೆ ಎಲ್ಲೆಲ್ಲಿ ಹಾದುಹೋಗಿದೆ ಅಂತ ಯಾರಾದರೂ ನೋಡಿದ್ದಾರಾ? ನೋಡಿದ್ದರೆ ಮೊದಲು ಒಂದು ಸನ್ಮಾನ ಇಟ್ಟುಕೊಳ್ಳುತ್ತಿದ್ದರು. ಘಟ್ಟದ ಮೇಲಿನ ಶಿವಮೊಗ್ಗಕ್ಕೆ ಸಮುದ್ರವನ್ನೇ ಕೊಟ್ಟವರಿಗೆ ಒಂದು ಶಾಲು, ಒಂದು ಹಾರ ಬೇಡ್ವಾ?

ಬೈಂದೂರು ಇರುವುದು ಉಡುಪಿ ಜಿಲ್ಲೆಯಲ್ಲಿ. ಲೋಕಸಭೆಗೆ ಮಾತ್ರ ಶಿವಮೊಗ್ಗ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ಎರಡೂ ಶಿವಮೊಗ್ಗ ಕ್ಷೇತ್ರದವು! ಕಡಲ್ಕೊರೆತ ಶುರುವಾದರೆ ಜಿಲ್ಲಾಧಿಕಾರಿಯನ್ನು ಉಡುಪಿಯಲ್ಲಿ ಹುಡುಕಿ, ಸಂಸದರನ್ನು ಘಟ್ಟದ ಮೇಲೆ ಹುಡುಕಿ. ಸಮುದ್ರಕ್ಕಂತೂ ಈ ವಿಷಯ ಯಾರೂ ಹೇಳಿಲ್ಲ. ಅದು ಪ್ರತಿ ಮಳೆಗಾಲ ಸುಮ್ನೆ ಬಂದು ರಸ್ತೆಗೆ ಬಡಿಯುತ್ತದೆ.

ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಕಥೆ ಇನ್ನೂ ಚೆನ್ನಾಗಿದೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ವಿಂಗಡಣೆಯಿಂದ 2008ರಲ್ಲಿ ಹುಟ್ಟಿದ ಕ್ಷೇತ್ರ ಇದು. ಹೆಸರಿನಲ್ಲಿ ಎರಡು ಜಿಲ್ಲೆ. ಎರಡೂ ಪೂರ್ತಿ ಇಲ್ಲ. ಉಡುಪಿಯ ಬೈಂದೂರು ಶಿವಮೊಗ್ಗಕ್ಕೆ ಹೋಯಿತು, ಚಿಕ್ಕಮಗಳೂರಿನ ಕಡೂರು ಹಾಸನಕ್ಕೆ. ಉಳಿದದ್ದು ಕೆಳಗೆ ನಾಲ್ಕು ವಿಧಾನಸಭಾ ಕ್ಷೇತ್ರ, ಮೇಲೆ ನಾಲ್ಕು, ಮಧ್ಯೆ ಪಶ್ಚಿಮ ಘಟ್ಟ. ಸಂಸದರು ಬೆಳಿಗ್ಗೆ ಮಲ್ಪೆಯಲ್ಲಿ ದೋಣಿಯ ಡೀಸೆಲ್ ಬಗ್ಗೆ ಮಾತಾಡಬೇಕು, ಮಧ್ಯಾಹ್ನ ಶೃಂಗೇರಿಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ, ಸಂಜೆ ಮೂಡಿಗೆರೆಯಲ್ಲಿ ಕಾಫಿ ತೋಟಕ್ಕೆ ನುಗ್ಗಿದ ಆನೆಯ ಬಗ್ಗೆ. ಉಡುಪಿಯಿಂದ ಶೃಂಗೇರಿಗೆ ಆಗುಂಬೆ ಘಟ್ಟ ಹತ್ತಿದರೆ ಇನ್ನೊಂದು ತಮಾಷೆ. ಆಗುಂಬೆ ತೀರ್ಥಹಳ್ಳಿ ತಾಲೂಕು, ಅಂದರೆ ಶಿವಮೊಗ್ಗ ಕ್ಷೇತ್ರ. ತಮ್ಮದೇ ಕ್ಷೇತ್ರದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಸಂಸದರು ಪಕ್ಕದವರ ಅಂಗಳ ದಾಟಬೇಕು.

ಹೊಳೆಗಳ ಮಾತು ಬಂತಲ್ಲ, ಗಂಗಾಮೂಲದ ಬಗ್ಗೆ ಹೇಳಿಬಿಡುತ್ತೇನೆ. ಕುದುರೆಮುಖದ ಆ ಬೆಟ್ಟಸಾಲಿನಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರು ಸೇರುತ್ತದೆ. ಭದ್ರೆ ಕಳಸದ ಕಡೆ, ತುಂಗೆ ಶೃಂಗೇರಿಯ ಕಡೆ. ಕೊನೆಗೆ ಇಬ್ಬರೂ ಕೂಡ್ಲಿಯಲ್ಲಿ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾರೆ. ಮೂರರಲ್ಲಿ ಒಂದಾದರೂ ಉಡುಪಿಗೆ ಹೋಗುತ್ತದಾ? ಇಲ್ಲ. ಶೃಂಗೇರಿಯ ನೀರು ಶಿವಮೊಗ್ಗಕ್ಕೆ, ಶೃಂಗೇರಿಯ ಮತ ಉಡುಪಿಯ ಜೊತೆಗೆ. ಬೈಂದೂರಿನ ನೀರು ಕಡಲಿಗೆ, ಬೈಂದೂರಿನ ಮತ ಶಿವಮೊಗ್ಗಕ್ಕೆ. ಇವೆರಡನ್ನು ಅದಲುಬದಲು ಮಾಡಿದ್ದರೆ? ತಲೆ ಲೆಕ್ಕ ಸ್ವಲ್ಪ ಏರುಪೇರಾಗುತ್ತಿತ್ತೇನೋ. ಹೊಳೆಯ ಲೆಕ್ಕವಂತೂ ಸರಿಹೋಗುತ್ತಿತ್ತು.

ಕಾನೂನಿನಲ್ಲಿ ಇದೆಲ್ಲ ಇಲ್ಲ ಅಂದುಕೊಳ್ಳಬೇಡಿ. 2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯ 9ನೇ ಸೆಕ್ಷನ್ ತೆಗೆದು ನೋಡಿ. ಕ್ಷೇತ್ರ ಭೌಗೋಳಿಕವಾಗಿ ಒತ್ತಟ್ಟಿಗೆ ಇರಬೇಕು, ಬೆಟ್ಟ ಹೊಳೆ ನೋಡಬೇಕು, ಆಡಳಿತದ ಗಡಿ ನೋಡಬೇಕು, ಸಂಚಾರದ ಅನುಕೂಲ ನೋಡಬೇಕು, ಜನರ ಅನುಕೂಲವನ್ನೂ ನೋಡಬೇಕು. ಎಷ್ಟು ಒಳ್ಳೆಯ ಮಾತುಗಳು! ಮೊದಲಿಗೆ ‘ಸಾಧ್ಯವಾದಷ್ಟು ಮಟ್ಟಿಗೆ’ ಅಂತಲೂ ಸೇರಿಸಿದ್ದಾರೆ. ಆದೇಶ ಹೊರಬಿದ್ದ ಮೇಲೆ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು 10ನೇ ಸೆಕ್ಷನ್ ಹೇಳುತ್ತದೆ.

ಈಗ ಕೊಡಗು. 1956ಕ್ಕೆ ಮುಂಚೆ ಅದು ಪ್ರತ್ಯೇಕ ರಾಜ್ಯ. 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು. ವಿಲೀನವಾದ ಮೇಲಿನ ದಶಕಗಳಲ್ಲಿ ವಿಧಾನಸಭೆಯ ಸೀಟು ಮೂರಿತ್ತು. 2008ರಲ್ಲಿ ಎರಡು. 2001ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 5.48 ಲಕ್ಷ, ರಾಜ್ಯದಲ್ಲಿ ಒಬ್ಬ ಶಾಸಕನ ಪಾಲಿಗೆ ಸರಾಸರಿ 2.36 ಲಕ್ಷ. ಭಾಗಿಸಿದರೆ 2.3 ಶಾಸಕರು ಬರುತ್ತಾರೆ. ಆ 0.3 ಶಾಸಕ ಎಲ್ಲಿ ಹೋದನೋ ಗೊತ್ತಿಲ್ಲ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅವನಿದ್ದರೂ ಆಗುತ್ತಿತ್ತು. 4,102 ಚದರ ಕಿ.ಮೀ. ಬೆಟ್ಟ ಕಾಡಿಗೆ ಇಬ್ಬರು. ಅದರ ಅರ್ಧದಷ್ಟಿರುವ ಬೆಂಗಳೂರು ನಗರ ಜಿಲ್ಲೆಗೆ 28. ಒಂದು ಮಾತು ಒಪ್ಪಬೇಕು. ಲೋಕಸಭೆಗೆ ಕೊಡಗನ್ನು ಮಂಗಳೂರಿನಿಂದ ಬಿಡಿಸಿ ಮೈಸೂರಿಗೆ ಸೇರಿಸಿದ್ದು ಸರಿಯಾಗಿಯೇ ಇದೆ. ಕಾವೇರಿಯೂ ಆ ಕಡೆಗೇ ಹರಿಯುತ್ತದೆ. ಯಾರೋ ಅಪ್ಪಿತಪ್ಪಿ ನಕ್ಷೆ ನೋಡಿರಬೇಕು.

ಶಿವಮೊಗ್ಗ ಜಿಲ್ಲೆಯ ಹೊಸನಗರದ ಹತ್ತಿರ ಬಂದಾಗ ಮಾತ್ರ ನನಗೆ ನಗು ಬರುವುದಿಲ್ಲ. ಕರೆಂಟಿಗಾಗಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದರು. ಗದ್ದೆ ಮುಳುಗಿತು, ತೋಟ ಮುಳುಗಿತು, ಊರುಗಳೇ ಮುಳುಗಿದವು. ಜನ ಗಂಟುಮೂಟೆ ಕಟ್ಟಿಕೊಂಡು ಹೋದರು. ಆಮೇಲೆ ವಾರಾಹಿಗೂ ಅಣೆಕಟ್ಟು ಬಂತು. 2008ರಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವನ್ನೇ ತೆಗೆದುಹಾಕಿ ತಾಲೂಕನ್ನು ಸಾಗರಕ್ಕಷ್ಟು, ತೀರ್ಥಹಳ್ಳಿಗಷ್ಟು ಹಂಚಿದರು. ನೀರು ತುಂಬಿಸಿ ಜನರನ್ನು ಎಬ್ಬಿಸಿದ್ದು ಯಾರು? ಆಮೇಲೆ ತಲೆ ಎಣಿಸಲು ಬಂದವರು ಯಾರು? ಆ ಕರೆಂಟು ಉರಿಯುವ ಊರಿಗೆ 28 ಶಾಸಕರು, ಅದಕ್ಕಾಗಿ ಮುಳುಗಿದ ಕಣಿವೆಗೆ ತನ್ನದು ಅಂತ ಒಬ್ಬನೂ ಇಲ್ಲ. ತಲೆಗೊಂದು ಮತ, ಮತಕ್ಕೆ ಒಂದೇ ಬೆಲೆ. ಇದರಲ್ಲಿ ತಪ್ಪಿಲ್ಲ, ನಾನೂ ಅದನ್ನೇ ಹೇಳುವವನು. ಎಷ್ಟು ಜನ ಅನ್ನುವುದಕ್ಕೆ ಜನಗಣತಿ ಬೇಕು. ಯಾವ ಜನ ಯಾರ ಜೊತೆ ಅನ್ನುವುದಕ್ಕೆ ಹೊಳೆ ನೋಡಬೇಕು, ಬಸ್ಸು ಯಾವ ಕಡೆ ಹೋಗುತ್ತದೆ ನೋಡಬೇಕು. ಅಷ್ಟೂ ಆಗುವುದಿಲ್ಲ ಅಂದರೆ ಹೇಗೆ?

ಇದು ನಮ್ಮ ಒಬ್ಬರದೇ ಸೌಭಾಗ್ಯವಲ್ಲ. ಕಾಶ್ಮೀರ ಕಣಿವೆಯ ಅನಂತನಾಗ್ ಮತ್ತು ಪೀರ್ ಪಂಜಾಲ್ ಬೆಟ್ಟದ ಆಚೆಯ ರಾಜೌರಿ, ಪೂಂಛ್ ಸೇರಿಸಿ 2022ರಲ್ಲಿ ಒಂದೇ ಲೋಕಸಭಾ ಕ್ಷೇತ್ರ ಮಾಡಿದರು. ನಡುವಿನ ಮೊಘಲ್ ರಸ್ತೆ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. 2024ರಲ್ಲಿ ಅಲ್ಲಿ ಮೇ 7ಕ್ಕೆ ಇದ್ದ ಮತದಾನವನ್ನು ಮೇ 25ಕ್ಕೆ ಮುಂದೂಡಿದರು. ಯಾಕೆ? ಓಡಾಟಕ್ಕೆ ಅಡ್ಡಿ ಇದೆ ಅಂತ. ಬೆಟ್ಟ ಅಡ್ಡ ಇದೆ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಹೊಸ ಆಯೋಗ ಬಂದಾಗ ಸಾರ್ವಜನಿಕ ಸಭೆ, ಆಕ್ಷೇಪಣೆ ಎಲ್ಲ ಇದ್ದೇ ಇರುತ್ತದೆ. ನಮ್ಮದೊಂದು ಸಣ್ಣ ಕೋರಿಕೆ. ಸಭೆ ಶೃಂಗೇರಿಯಲ್ಲಿ ಇಡಿ, ಜುಲೈ ತಿಂಗಳಲ್ಲಿ ಇಡಿ. ಉಡುಪಿಯಿಂದ ಆಗುಂಬೆಯ ತಿರುವುಗಳನ್ನು ಹತ್ತಿಕೊಂಡೇ ಬನ್ನಿ. ಮಳೆಗಾಲದಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ, ಸಣ್ಣದರಲ್ಲೇ ಒತ್ತಿಕೊಂಡು ಕೂರಬೇಕಾಗುತ್ತದೆ. ಆಕ್ಷೇಪಣೆಗೆ ಅವಸರವೇನಿಲ್ಲ, ವಾಂತಿ ನಿಂತ ಮೇಲೆ ನಿಧಾನಕ್ಕೆ ಹೇಳುತ್ತೇವೆ.