ಎಡಗಡೆಯ ಸೀಟು

ನಮ್ಮ ಮನೆಗೆ ಕಾರು ಬಂದು 7 ವರ್ಷಗಳಾದರೂ ಅದರಲ್ಲಿ ನನ್ನ ಸ್ಥಾನ ಎಡಗಡೆಯ ಸೀಟಾಗಿಯೇ ಉಳಿದಿತ್ತು. ಕಾರು ಕೊಂಡವಳು, ಓಡಿಸುವವಳು, ಸರ್ವಿಸ್‌ಗೆ ಬಿಟ್ಟು ಬಿಲ್ಲಿನ ವಿಷಯದಲ್ಲಿ ವಾದ ಮಾಡಿ ಬರುವವಳು ಎಲ್ಲವೂ ನನ್ನ ಪತ್ನಿಯೇ. ಹಾಗೆಂದು ನಾನು ಸುಮ್ಮನೆ ಕೂತವನಲ್ಲ. ಲೆಕ್ಕ ಪರಿಶೋಧನೆ ನನ್ನ ವೃತ್ತಿ. ಕೆಲಸ ಮಾಡಿದವರ ಪಕ್ಕದಲ್ಲಿ ಕೂತು, ಆ ಕೆಲಸವನ್ನು ಹೇಗೆ ಮಾಡಬಾರದಿತ್ತು ಎಂದು ಬರೆದಿಡುವುದಕ್ಕೆ ಸರ್ಕಾರ ನನಗೆ 22 ವರ್ಷಗಳಿಂದ ಸಂಬಳ ಕೊಡುತ್ತಿದೆ. ಆ ಅಭ್ಯಾಸಬಲದಿಂದ ಕಾರಿನಲ್ಲಿಯೂ “ನಿಧಾನ”, “ಎಡಕ್ಕೆ”, “ಬಸ್ಸು, ಬಸ್ಸು” ಎಂಬ ಆಕ್ಷೇಪಣೆಗಳನ್ನು ಆಯಾ ಸ್ಥಳದಲ್ಲಿಯೇ ಸಲ್ಲಿಸುತ್ತಿದ್ದೆ. ಬಾಯಿಗಿಂತ ಹೆಚ್ಚು ದುಡಿಯುತ್ತಿದ್ದುದು ನನ್ನ ಬಲಗಾಲು. ಮುಂದೆ ಯಾವ ವಾಹನ ಕಂಡರೂ ಅದು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ನಮ್ಮ ಕಾರಿನ ಎಡಗಡೆಯ ರಬ್ಬರ್ ಮ್ಯಾಟಿನಲ್ಲಿ ಹಿಮ್ಮಡಿಯ ಗಾತ್ರದ ಒಂದು ತೂತು ಈಗಲೂ ಇದೆ.

ಕಳೆದ ವರ್ಷ ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ, ಕಡಕೊಳ ದಾಟುವ ಹೊತ್ತಿಗೆ, ನಾನು ಅಂದಿನ ಹನ್ನೊಂದನೆಯದೋ ಹನ್ನೆರಡನೆಯದೋ ಆಕ್ಷೇಪಣೆಯನ್ನು ಸಲ್ಲಿಸಿದೆ. ಆಕೆ ಮಾತನಾಡದೆ ಇಂಡಿಕೇಟರ್ ಹಾಕಿ, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಕೀಲಿ ತೆಗೆದು ನನ್ನ ತೊಡೆಯ ಮೇಲಿಟ್ಟು, “ಬನ್ನಿ, ಈ ಕಡೆ ಕೂತ್ಕೊಳ್ಳಿ, ನೀವೇ ಓಡಿಸಿ” ಎಂದಳು. ನನಗೆ ಓಡಿಸಲು ಬರುವುದಿಲ್ಲವೆಂಬ ಸಂಗತಿ ನಮ್ಮಿಬ್ಬರಿಗೂ ತಿಳಿದಿದ್ದರೂ ಅದು ಹೀಗೆ ಹೆದ್ದಾರಿಯ ಪಕ್ಕದಲ್ಲಿ ಬಹಿರಂಗವಾದದ್ದು ಅದೇ ಮೊದಲು. ಅಂದು ನಂಜುಂಡೇಶ್ವರನ ದರ್ಶನ ಮುಗಿಸಿ ಮರಳಿದವನು ಮರುದಿನವೇ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತಿದೆ. ಆಗ ನನಗೆ 48 ವರ್ಷ.

ಆ ವಯಸ್ಸಿನಲ್ಲಿ ಕಲಿಯಲು ಹೊರಟವನಿಗೆ ಮೊದಲು ಎದುರಾಗುವುದು ಕಾರಲ್ಲ, ವೈದ್ಯರು. 40 ದಾಟಿದವರು ಅರ್ಜಿಯ ಜೊತೆಗೆ 1-ಎ ನಮೂನೆಯಲ್ಲಿ ವೈದ್ಯಕೀಯ ಪ್ರಮಾಣಪತ್ರವನ್ನು ಕೊಡಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಸಾಧ್ಯವೇ ಎಂಬುದು ಅಲ್ಲಿ ಕೇಳುವ ಪ್ರಶ್ನೆಗಳಲ್ಲೊಂದು. ಜೊತೆಗೆ ಬಂದಿದ್ದ ನನ್ನ ಪತ್ನಿ, “ಅದೊಂದು ಚೆನ್ನಾಗಿ ಓದ್ತಾರೆ ಡಾಕ್ಟ್ರೇ, 7 ವರ್ಷದಿಂದ ಅದನ್ನೇ ಓದಿ ಹೇಳ್ತಿದ್ದಾರೆ” ಎಂದು ಸಾಕ್ಷಿ ನುಡಿದಳು. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸಿನ ಪರೀಕ್ಷೆ ಸುಲಭವಾಗಿ ಮುಗಿಯಿತು. ವೃತ್ತದೊಳಗಿನದು ಆಜ್ಞೆ, ತ್ರಿಕೋನದೊಳಗಿನದು ಎಚ್ಚರಿಕೆ, ನೀಲಿ ಚೌಕದಲ್ಲಿರುವುದು ಮಾಹಿತಿ ಎಂಬಂಥ ವಿಂಗಡಣೆಗಳೆಂದರೆ ನನಗೆ ಊಟವಿದ್ದಂತೆ. ತಲೆಕೆಳಗಾದ ತ್ರಿಕೋನಕ್ಕೆ ‘ಇತರರಿಗೆ ದಾರಿ ಬಿಡಿ’ ಎಂಬ ಅರ್ಥವಿದೆಯೆಂದು ಮಾತ್ರ ಅಂದೇ ತಿಳಿಯಿತು. ಅದುವರೆಗೆ ಆ ಫಲಕವನ್ನು ಯಾರೋ ತಪ್ಪಾಗಿ ನೆಟ್ಟಿದ್ದಾರೆಂದೇ ನಾನು ಭಾವಿಸಿದ್ದೆ.

ನಿಯಮದ ಪ್ರಕಾರ ಡ್ರೈವಿಂಗ್ ಸ್ಕೂಲಿನ ತರಬೇತಿ 21 ದಿನಗಳಿಗೆ ಕಡಿಮೆಯಿರಬಾರದು. ಅದರಲ್ಲಿ ಸ್ಟೇರಿಂಗ್ ಹಿಡಿದು ಓಡಿಸುವ ಅವಧಿ 10 ಗಂಟೆಗೆ ಕಡಿಮೆಯಾಗಬಾರದು. ನಮ್ಮ ಕಾರಿನಲ್ಲಿ ಬೆಳಿಗ್ಗೆ ಆರೂವರೆಗೆ ಮೂವರು ವಿದ್ಯಾರ್ಥಿಗಳು ಹತ್ತುತ್ತಿದ್ದೆವು. ಒಬ್ಬರು ಓಡಿಸುವಾಗ ಉಳಿದಿಬ್ಬರು ಹಿಂದಿನ ಸೀಟಿನಲ್ಲಿ ಕೂತು, ತಂತಮ್ಮ ಮನೆದೇವರನ್ನು ನೆನೆಯುತ್ತ, ನೋಡಿ ಕಲಿಯಬೇಕಿತ್ತು. ನನ್ನ ಸಹಪಾಠಿಗಳೆಂದರೆ ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗಿ ಮತ್ತು ಮಗಳ ಬಾಣಂತನಕ್ಕೆ ವಿದೇಶಕ್ಕೆ ಹೋಗಿಬಂದ ಮೇಲೆ, ಅಲ್ಲಿ ಹೆಂಗಸರೆಲ್ಲ ಓಡಿಸುವುದನ್ನು ಕಂಡು ತಾವೂ ಓಡಿಸಲೇಬೇಕೆಂದು ಪಣ ತೊಟ್ಟಿದ್ದ ಒಬ್ಬ ನಿವೃತ್ತ ಶಿಕ್ಷಕಿ. ಹುಡುಗಿ ಮೂರು ದಿನಗಳಲ್ಲಿ ಕಲಿತಳು. ಶಿಕ್ಷಕಿಯವರು ಕಲಿಯುವುದಕ್ಕೆ ಮುಂಚೆಯೇ ದಾರಿಹೋಕರಿಗೆ ಕಲಿಸತೊಡಗಿದರು.

ಕಾರು ಹತ್ತಿದ ಮೊದಲ ದಿನ ನನ್ನ ಕಣ್ಣು ಹೋದದ್ದು ಬಲಗಡೆಗಲ್ಲ, ಎಡಗಡೆಗೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಕ್ಲಚ್ ಮತ್ತು ಬ್ರೇಕಿನ ಪೆಡಲುಗಳಿರುತ್ತವೆ. 7 ವರ್ಷಗಳ ಕಾಲ ಬರಿಯ ನೆಲವನ್ನು ತುಳಿದ ನಾನು, ಎಡಗಡೆಯ ಸೀಟಿನ ಮುಂದೆ ನಿಜವಾದ ಬ್ರೇಕನ್ನು ಕಂಡು, ಕಳೆದುಹೋದ ಕಡತ ಇನ್ನೊಬ್ಬರ ಮೇಜಿನ ಮೇಲೆ ಸಿಕ್ಕಾಗ ಆಗುವಂಥ ಸಂತೋಷವನ್ನೂ ಸಂಕಟವನ್ನೂ ಒಟ್ಟಿಗೆ ಅನುಭವಿಸಿದೆ. ಅದರ ಮೇಲೆ ಕಾಲಿಟ್ಟು ಕೂತಿದ್ದವರು ನಮ್ಮ ಮಾಸ್ಟರ್. ಅವರು ಶಾಂತ ಸ್ವಭಾವದವರು. ಬಾಯಲ್ಲಿ ಸದಾ ಒಂದು ಏಲಕ್ಕಿ. ಅವರ ಮಾತಿನಲ್ಲಿ ಒಂದೇ ಒಂದು ತೊಡಕೆಂದರೆ ಹಕಾರಕ್ಕೆ ಅಲ್ಲಿ ಜಾಗವಿರಲಿಲ್ಲ.

ಇದನ್ನು ನಾನು ವ್ಯಾಕರಣದ ದೃಷ್ಟಿಯಿಂದ ಹೇಳುತ್ತಿಲ್ಲ. ಕಾರು ಕಲಿಯುವವನ ಬದುಕೆಲ್ಲ ನಿಂತಿರುವುದು ಹಾಫ್ ಕ್ಲಚ್ಚಿನ ಮೇಲೆ. ಕ್ಲಚ್ಚನ್ನು ಪೂರ್ತಿ ಒತ್ತಿದರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಒಮ್ಮೆಲೇ ಬಿಟ್ಟರೆ, ನಿಂತಿರುವ ಚಕ್ರ ಸುತ್ತುತ್ತಿರುವ ಇಂಜಿನ್ನಿನ ಉಸಿರು ಕಟ್ಟಿಸಿ ಗಾಡಿಯನ್ನು ಆಫ್ ಮಾಡುತ್ತದೆ. ಇವೆರಡರ ನಡುವೆ ಬೆರಳಗಲದಷ್ಟು ಒಂದು ಜಾಗವಿದ್ದು, ಅಲ್ಲಿ ಕಾಲು ತಡೆದು ನಿಂತರೆ ಕಾರು ಮೆಲ್ಲಗೆ ನಡುಗಿ ಹೊರಡಲು ಒಪ್ಪುತ್ತದೆ. ಆ ಜಾಗಕ್ಕೆ ಬಂದಾಗ ಮಾಸ್ಟರ್ ಹೇಳುತ್ತಿದ್ದುದು “ಆಫ್ ಸಾರ್, ಆಫ್!” ಎಂದು. ನಾಲ್ಕನೆಯ ದಿನ, ಅರಮನೆಯ ಸಮೀಪದ ವೃತ್ತವೊಂದರಲ್ಲಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬ ನಿಯಮವನ್ನು ನೆನೆದು ನಾನು ನಿಂತಿದ್ದೆ. ಬಲಗಡೆಯಿಂದ ಬರುವವರು ಮೈಸೂರಿನಲ್ಲಿ ಎಂದಾದರೂ ಮುಗಿಯುತ್ತಾರೆಯೇ? ಕೊನೆಗೆ ಸಣ್ಣದೊಂದು ಸಂದು ಸಿಕ್ಕಿ ಕಾರು ಅರ್ಧ ವೃತ್ತಕ್ಕೆ ಬಂದಾಗ ಮಾಸ್ಟರ್ “ಆಫ್, ಆಫ್!” ಎಂದು ಕೂಗಿದರು. ಆಜ್ಞಾಪಾಲಕನಾದ ನಾನು ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿಬಿಟ್ಟೆ. ಹಿಂದಿನಿಂದ ಎರಡು ನಗರ ಸಾರಿಗೆ ಬಸ್ಸುಗಳೂ ಒಂದು ಹಾಲಿನ ಗಾಡಿಯೂ ಏಕಕಾಲಕ್ಕೆ ಹಾರ್ನ್ ಮಾಡಿದವು. ಪ್ರವಾಸಿಗರನ್ನು ಕೂರಿಸಿಕೊಂಡಿದ್ದ ಒಂದು ಟಾಂಗಾ ನಮ್ಮನ್ನು ಬಳಸಿಕೊಂಡು ಮುಂದೆ ಹೋಯಿತು. ಕುದುರೆ ನನ್ನ ಕಿಟಕಿಯ ಬಳಿ ಬಂದಾಗ ಒಮ್ಮೆ ಒಳಗೆ ನೋಡಿತೆಂದು ಹಿಂದಿನ ಸೀಟಿನ ಶಿಕ್ಷಕಿಯವರು ಇಂದಿಗೂ ಹೇಳುತ್ತಾರೆ.

ಆದರೂ ಒಂದು ವಾರದ ನಂತರ ನನ್ನ ಪ್ರಗತಿ ನನಗೇ ಆಶ್ಚರ್ಯ ತರುವಷ್ಟಿತ್ತು. ಲಲಿತಮಹಲ್ ರಸ್ತೆಯಲ್ಲಿ ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ಹಂಪ್ ಬಂದರೆ ತಾನಾಗಿ ನಿಧಾನವಾಗುತ್ತಿತ್ತು. ಗೇರ್ ಬದಲಿಸುವಾಗ ಒಂದಿಷ್ಟೂ ಜರ್ಕ್ ಇರುತ್ತಿರಲಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ, ಚಾಲನೆಯೆಂಬುದು ಮೂಲತಃ ಶಿಸ್ತಿನ ಪ್ರಶ್ನೆಯೆಂದೂ, ಅದಕ್ಕಾಗಿ ವರ್ಷಗಟ್ಟಲೆ ಅಭ್ಯಾಸ ಬೇಕೆನ್ನುವುದು ಉತ್ಪ್ರೇಕ್ಷೆಯೆಂದೂ ಪತ್ನಿಗೆ ವಿವರಿಸಿದೆ. ಆಕೆ ಸಾರು ಬಡಿಸುತ್ತ “ಹೂಂ” ಎಂದಳು.

ಹನ್ನೆರಡನೆಯ ದಿನ ಮಾಸ್ಟರಿಗೆ ಮಂಡಿನೋವು ಬಂದಿತ್ತು. ಅವರು ಚಪ್ಪಲಿ ಬಿಟ್ಟು, ಕಾಲುಗಳನ್ನು ಸೀಟಿನ ಅಂಚಿಗೆ ಎಳೆದುಕೊಂಡು, “ಇವತ್ತು ನೀವೇ ಓಡ್ಸಿ ಸಾರ್” ಎಂದರು. ಇದುವರೆಗೆ ಯಾರು ಓಡಿಸುತ್ತಿದ್ದರೆಂಬ ಪ್ರಶ್ನೆ ನನ್ನಲ್ಲಿ ಮೂಡುವ ಮೊದಲೇ ಕಾರು ಕಪ್ಪೆಯಂತೆ ಒಂದು ಸಲ ನೆಗೆದು ಆಫ್ ಆಯಿತು. ಇನ್ನೂರು ಮೀಟರ್ ದೂರದಲ್ಲಿ ಅದು ಒಟ್ಟು ಏಳು ಸಲ ಆಫ್ ಆಯಿತು. ಎಂಟನೆಯ ಸಲಕ್ಕೆ ನಾನು ಮಾಸ್ಟರ ಮುಖ ನೋಡಿದೆ. ಅವರು ಏಲಕ್ಕಿಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, “ಇಷ್ಟು ದಿನ ಕ್ಲಚ್ ನಾನೇ ಇಡೀತಿದ್ದೆ ಸಾರ್. ಬ್ರೇಕೂ ಅಷ್ಟೇ. ಇಲ್ದಿದ್ರೆ ನಿಮಗೆ ಧೈರ್ಯ ಬರ್ತಿರ್ಲಿಲ್ಲ” ಎಂದರು. ಆ ರಾತ್ರಿ ನಾನು ಲೆಕ್ಕಕ್ಕೆ ಕೂತೆ. ಕ್ಲಚ್ ಅವರದು, ಬ್ರೇಕ್ ಅವರದು. ತಿರುವುಗಳಲ್ಲಿ ಅವರ ಬಲಗೈ ಸ್ಟೇರಿಂಗಿನ ಮೇಲಿರುತ್ತಿದ್ದುದು ಈಗ ನೆನಪಾಯಿತು. ಗೇರನ್ನು ನನ್ನ ಕೈಯ ಮೇಲೆ ಕೈಯಿಟ್ಟು ಅವರೇ ಹಾಕುತ್ತಿದ್ದರು. ಎಲ್ಲವನ್ನೂ ಕಳೆದ ಮೇಲೆ ನನ್ನ ಹೆಸರಿಗೆ ಉಳಿದದ್ದು ಹಾರ್ನ್ ಮಾತ್ರ, ಅದನ್ನು ಧಾರಾಳವಾಗಿಯೇ ಬಳಸಿದ್ದೆ. ಎಡಗಡೆಯಲ್ಲಿ ಕೂತು ಕಾರು ಓಡಿಸಬಹುದೆಂಬ ನನ್ನ 7 ವರ್ಷಗಳ ವಾದವನ್ನು ಅವರು ನಿರೂಪಿಸಿದ್ದರು. ಆದರೆ ಬಲಗಡೆಯಲ್ಲಿ ಕೂತಿದ್ದವನು ನಾನಾಗಿದ್ದೆ.

ಉಳಿದ ದಿನಗಳಲ್ಲಿ ಹಟ ಹಿಡಿದು ಕಲಿತೆ. ಎಲ್‌ಎಲ್‌ಆರ್ ಕೈಗೆ ಬಂದು 30 ದಿನಗಳು ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲವಾದ್ದರಿಂದ ಒಂಬತ್ತು ದಿನ ಹೆಚ್ಚಿಗೆ ಸಿಕ್ಕವು. ಅಷ್ಟರಲ್ಲಿ ಊಟದ ಮೇಜಿನ ಕೆಳಗೆ, ಕಚೇರಿಯ ಕುರ್ಚಿಯಲ್ಲಿ, ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತಾಗಲೂ ನನ್ನ ಎಡಗಾಲು ಹಾಫ್ ಕ್ಲಚ್ಚನ್ನು ಹುಡುಕುತ್ತಿತ್ತು.

ಪರೀಕ್ಷೆಯ ದಿನ ಪಕ್ಕದಲ್ಲಿ ಮಾಸ್ಟರಿರಲಿಲ್ಲ, ಇನ್‌ಸ್ಪೆಕ್ಟರ್ ಇದ್ದರು. ಅವರು ಕೂತ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ಎರಡೂ ಕಾಲುಗಳನ್ನು ಪೆಡಲುಗಳಿಂದ ದೂರಕ್ಕೆ, ಸೀಟಿನ ಬುಡಕ್ಕೆ ಸರಿಸಿಕೊಂಡದ್ದು. ಸೀಟ್ ಬೆಲ್ಟ್, ಕನ್ನಡಿ, ಇಂಡಿಕೇಟರ್ ಎಲ್ಲವನ್ನೂ ನಾನು ಸಂಧ್ಯಾವಂದನೆಯ ಕ್ರಮದಲ್ಲಿ ಮುಗಿಸಿದೆ. ರಿವರ್ಸ್ ಕೂಡ ಆಯಿತು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ ಎಂದರು. ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಇಳಿಸಿದೆ. ಆ ಬೆರಳಗಲದ ಜಾಗ ಅಂದು ಎಲ್ಲಿ ಹೋಯಿತೋ ತಿಳಿಯದು. ಕಾರು ಬಹಳ ಗಂಭೀರವಾಗಿ, ಯಾವ ಆತುರವೂ ಇಲ್ಲದೆ, ಹಿಂದಕ್ಕೆ ಹೋಗತೊಡಗಿತು. ನಾನು ಗಾಬರಿಯಿಂದ ಎಡಗಡೆಗೆ ತಿರುಗಿ, “ಬ್ರೇಕ್ ಹಾಕಿ!” ಎಂದು ಇನ್‌ಸ್ಪೆಕ್ಟರರಿಗೆ ಆದೇಶಿಸಿದೆ. ಅವರು ಬ್ರೇಕ್ ಹಾಕಿದರು. ಬಳಿಕ ಕಾಗದದ ಮೇಲೆ ಏನನ್ನೋ ಬರೆದುಕೊಂಡರು. ಪಕ್ಕದಲ್ಲಿ ಕೂತವರು ಹಾಗೆ ಬರೆದುಕೊಳ್ಳುವಾಗ ಎದುರಿನವರಿಗೆ ಹೇಗನ್ನಿಸುತ್ತದೆಂದು ಅಂದು ಮೊದಲ ಬಾರಿಗೆ ತಿಳಿಯಿತು.

ಒಮ್ಮೆ ತಪ್ಪಿದವರು ಮತ್ತೆ ಪರೀಕ್ಷೆಗೆ ಕೂರಲು 7 ದಿನ ಕಾಯಬೇಕು. ಎರಡನೆಯ ಸಲ ಏರು ಹತ್ತಿದೆ. 30ರಿಂದ 50ರ ನಡುವಿನವರಿಗೆ ಲೈಸೆನ್ಸನ್ನು 10 ವರ್ಷಕ್ಕೆ ಕೊಡುತ್ತಾರಾದ್ದರಿಂದ, ನನ್ನ 58ನೆಯ ವಯಸ್ಸಿನವರೆಗೆ ಲಘು ಮೋಟಾರು ವಾಹನವನ್ನು ಓಡಿಸಲು ನಾನು ಸಮರ್ಥನೆಂದು ಸಾರುವ ಒಂದು ಕಾರ್ಡು ಅಂಚೆಯಲ್ಲಿ ಬಂದಿತು. ಅದರಲ್ಲಿರುವ ಭಾವಚಿತ್ರ ಏರಿನಲ್ಲಿ ಹಿಂದಕ್ಕೆ ಹೋಗುತ್ತಿರುವವನ ಮುಖದಂತಿದೆ.

ಆ ಭಾನುವಾರ ನಂಜನಗೂಡಿಗೇ ಹೊರಟೆವು, ನಾನು ಬಲಗಡೆ, ಆಕೆ ಎಡಗಡೆ. ಊರು ದಾಟುವವರೆಗೆ ಮೂರು ಸಲ ಮಾತ್ರ ಆಫ್ ಆಯಿತು. ಹೆದ್ದಾರಿಯಲ್ಲಿ ಮೂರನೆಯ ಗೇರಿಗೆ ಬಂದು, ಹಿಂದಿನ ಬಸ್ಸಿನ ಹಾರ್ನನ್ನು ಅಲಕ್ಷಿಸಿ, ಪಕ್ಕದಿಂದ ಬರಬಹುದಾದ ಆಕ್ಷೇಪಣೆಗಳಿಗೆ ಉತ್ತರಗಳನ್ನು ಮನಸ್ಸಿನಲ್ಲಿಯೇ ಸಿದ್ಧಪಡಿಸಿಕೊಂಡೆ. ಕಡಕೊಳ ಬಂದರೂ ಆಕೆ ಒಂದು ಮಾತನ್ನೂ ಆಡಲಿಲ್ಲ. ತಡೆಯಲಾರದೆ ಒಮ್ಮೆ ಎಡಕ್ಕೆ ಕಣ್ಣು ಹಾಯಿಸಿದೆ. ಆಕೆ ಚಪ್ಪಲಿ ಬಿಟ್ಟು, ಎರಡೂ ಕಾಲುಗಳನ್ನು ಸೀಟಿನ ಮೇಲಕ್ಕೆ ಎತ್ತಿ, ಪೂಜೆಗೆ ಕೂತವಳಂತೆ ಚಕ್ಕಳಮಕ್ಕಳ ಹಾಕಿಕೊಂಡಿದ್ದಳು.

“ಯಾಕೆ ಹಾಗೆ ಕೂತಿದ್ದೀಯ?” ಎಂದು ಕೇಳಿದೆ.

“ಇನ್ನೇನ್ ಮಾಡ್ಲಿ? ಮ್ಯಾಟಲ್ಲಿ ತೂತು ಬಿದ್ದಿದೆ, ಕಾಲು ಅಲ್ಲಿಗೇ ಹೋಗತ್ತೆ” ಎಂದಳು. “ಮುಂದೆ ನೋಡ್ರೀ, ಬಸ್ಸು!”